ಗುಂಡೂ ಅದೇ, ಮದ್ದೂ ಅದೇ: ರಬ್ಬರ್ ಬ್ಯಾಂಡ್ ಬಂದೂಕಿಗೆ ಮನೆಯಲ್ಲೇ ಉಂಗುರ ಕತ್ತರಿಸುವ ಬಗೆ

ಆಟಿಕೆಗಳಲ್ಲಿ ರಬ್ಬರ್ ಬ್ಯಾಂಡ್ ಬಂದೂಕಿನದು ವಿಚಿತ್ರ ಜಾತಿ. ನಿಜವಾದ ಬಂದೂಕಿನಲ್ಲಿ ಗುಂಡು ಬೇರೆ, ಅದನ್ನು ತಳ್ಳುವ ಮದ್ದು ಬೇರೆ. ಬಿಲ್ಲಿನಲ್ಲಿ ಬಾಣ ಹಾರಿಹೋಗುತ್ತದೆ, ಶಕ್ತಿ ತುಂಬಿಕೊಂಡಿದ್ದ ಕೋಲು ಕೈಯಲ್ಲೇ ಉಳಿಯುತ್ತದೆ. ಕವೆಗೋಲಿಗೆ ರಬ್ಬರ್ ಕಟ್ಟಿದ ಕವಣೆಯ ಕಥೆಯೂ ಅದೇ. ರಬ್ಬರ್ ಬ್ಯಾಂಡ್ ಬಂದೂಕಿನಲ್ಲಿ ಮಾತ್ರ ಹಾರುವ ವಸ್ತುವೇ ತನ್ನನ್ನು ತಾನು ತಳ್ಳಿಕೊಳ್ಳುತ್ತದೆ. ಮರದ ಪಟ್ಟಿ, ಮುಂದಿನ ಕೊಕ್ಕೆ, ಹಿಂದಿನ ಬಟ್ಟೆ ಕ್ಲಿಪ್ಪು ಇವೆಲ್ಲ ಸೇರಿ ಮಾಡುವ ಕೆಲಸ ಒಂದೇ: ಎಳೆದದ್ದನ್ನು ಹಿಡಿದಿಟ್ಟುಕೊಂಡು, ಬೇಕೆಂದಾಗ ಬಿಟ್ಟುಬಿಡುವುದು.

ಆದ್ದರಿಂದ ಬಂದೂಕನ್ನು ಎಷ್ಟೇ ನಾಜೂಕಾಗಿ ಕೆತ್ತಿದರೂ ಅದಕ್ಕೆ ಹೊಸ ಶಕ್ತಿ ಬರುವುದಿಲ್ಲ. ದೂರ, ವೇಗ, ಗುರಿ ಎಲ್ಲವೂ ಆ ಒಂದು ಉಂಗುರದಲ್ಲಿ ಅಡಗಿವೆ. ಬಹುಪಾಲು ಜನ ವಾರಗಟ್ಟಲೆ ಮರ ಉಜ್ಜಿ, ಕೊನೆಗೆ ಮೇಜಿನ ಖಾನೆಯ ಮೂಲೆಯಲ್ಲಿ ಸಿಕ್ಕ ಒಣಗಿದ ಬ್ಯಾಂಡೊಂದನ್ನು ಏರಿಸಿ, ಬಂದೂಕು ಚೆನ್ನಾಗಿಲ್ಲ ಎನ್ನುತ್ತಾರೆ. ಅಂಗಡಿಯ ಬ್ಯಾಂಡುಗಳ ಬದಲು ಹಳೆಯ ಟ್ಯೂಬು, ಬಲೂನು, ಕೈಗವಸುಗಳಿಂದ ಉಂಗುರಗಳನ್ನು ನಾವೇ ಕತ್ತರಿಸಿಕೊಳ್ಳಬಹುದು. ಆದರೆ ಎಲ್ಲ ರಬ್ಬರೂ ಒಂದೇ ಅಲ್ಲ. ಕೈಗೆ ಸಿಕ್ಕ ಕಪ್ಪು ಟ್ಯೂಬನ್ನು ಕತ್ತರಿಸಿ ನಿರಾಶರಾದವರಿಗೆ ಕಾರಣ ತಿಳಿಯಬೇಕಾದರೆ ರಬ್ಬರಿನ ಒಳಗೆ ನಡೆಯುವುದನ್ನು ಮೊದಲು ನೋಡಬೇಕು.

ಉಕ್ಕಿನ ಸ್ಪ್ರಿಂಗನ್ನು ಎಳೆದಾಗ ಪರಮಾಣುಗಳ ನಡುವಿನ ಬಂಧಗಳೇ ತುಸು ಬಿಗಿಯುತ್ತವೆ, ಬಿಟ್ಟಾಗ ಅವೇ ಹಿಂದಕ್ಕೆ ಸೆಳೆಯುತ್ತವೆ. ರಬ್ಬರಿನ ದಾರಿ ಬೇರೆ. ಅದರ ಅಣುಗಳು ಬಹಳ ಉದ್ದದ ಸರಪಳಿಗಳು. ಸುಮ್ಮನಿದ್ದಾಗ ಅವು ಸಿಕ್ಕುಗಟ್ಟಿದ ಉಣ್ಣೆಯ ದಾರದಂತೆ ಅಡ್ಡಾದಿಡ್ಡಿಯಾಗಿ ಬಿದ್ದಿರುತ್ತವೆ, ಮತ್ತು ಉಷ್ಣದಿಂದಾಗಿ ಸದಾ ಕುಲುಕಾಡುತ್ತಿರುತ್ತವೆ. ಎಳೆದಾಗ ಸರಪಳಿಗಳು ನೇರವಾಗಿ ಸಾಲುಗೂಡುತ್ತವೆ. ನೇರವಾಗಿರಲು ದಾರಿ ಒಂದೋ ಎರಡೋ, ಮುದುಡಿರಲು ದಾರಿ ಸಾವಿರಾರು. ಹಾಗಾಗಿ ಬಿಟ್ಟ ಕೂಡಲೇ ಆ ಕುಲುಕಾಟವೇ ಅವುಗಳನ್ನು ಮತ್ತೆ ಮುದುಡಿಸುತ್ತದೆ. ರಬ್ಬರ್ ಬ್ಯಾಂಡ್ ಹಾರುವುದು ಹೆಚ್ಚಿನ ಮಟ್ಟಿಗೆ ಈ ಉಷ್ಣದ ಚಡಪಡಿಕೆಯ ಬಲದಿಂದ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಅಗಲವಾದ ಬ್ಯಾಂಡೊಂದನ್ನು ಎರಡೂ ಕೈಗಳಲ್ಲಿ ಭದ್ರವಾಗಿ ಹಿಡಿದು, ಚಕ್ಕನೆ ಹಿಗ್ಗಿಸಿ ತುಟಿಗೆ ತಾಗಿಸಿದರೆ ಬೆಚ್ಚಗಿರುತ್ತದೆ. ಹಿಗ್ಗಿಸಿದಂತೆಯೇ ಸ್ವಲ್ಪ ಹೊತ್ತು ಹಿಡಿದಿದ್ದು, ನಿಧಾನಿಸದೆ ಸಡಿಲಿಸಿ ಮತ್ತೆ ತಾಗಿಸಿದರೆ ತಣ್ಣಗಿರುತ್ತದೆ. ಜಾನ್ ಗಫ್ ಎಂಬ ಇಂಗ್ಲಿಷ್ ವಿದ್ವಾಂಸ 1805ರಲ್ಲೇ ಇದನ್ನು ಬರೆದಿಟ್ಟಿದ್ದ. ಆತನಿಗೆ ಬಾಲ್ಯದಿಂದಲೇ ಕಣ್ಣು ಕಾಣುತ್ತಿರಲಿಲ್ಲ, ತುಟಿಯ ಸ್ಪರ್ಶವೇ ಅವನ ಉಷ್ಣಮಾಪಕವಾಗಿತ್ತು.

ಸರಪಳಿಗಳು ಒಂದರಿಂದೊಂದು ಜಾರಿಹೋಗದಂತೆ ಅಲ್ಲಲ್ಲಿ ಬೆಸುಗೆ ಬೇಕು. ಆ ಬೆಸುಗೆ ಗಂಧಕದ್ದು. ಹಸಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬೇಸಿಗೆಯಲ್ಲಿ ಅಂಟಾಗದೆ, ಚಳಿಯಲ್ಲಿ ಪೆಡಸಾಗದೆ ಉಳಿಯುತ್ತದೆ ಎಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಈ ವಲ್ಕನೀಕರಣ ಬಂದ ಕೆಲವೇ ವರ್ಷಗಳಲ್ಲಿ, 1845ರ ಮಾರ್ಚ್ 17ರಂದು, ಲಂಡನ್ನಿನ ಸ್ಟೀಫನ್ ಪೆರಿ ರಬ್ಬರ್ ಬ್ಯಾಂಡಿಗೆ ಪೇಟೆಂಟ್ ಪಡೆದ. ಕಾಗದದ ಕಟ್ಟು ಬಿಗಿಯುವುದಕ್ಕೆಂದು ಹುಟ್ಟಿದ ವಸ್ತು ಅದು. ಅದನ್ನು ಮೊದಲು ಹಾರಿಸಿದ ಪುಣ್ಯಾತ್ಮನ ಹೆಸರು ಯಾವ ದಾಖಲೆಯಲ್ಲೂ ಇರಲಾರದು.

ಯಾವ ರಬ್ಬರ್?

ಬ್ಯಾಂಡಿನ ಗುಣ ಅಳೆಯಲು ಒಂದೇ ಪ್ರಶ್ನೆ ಸಾಕು: ಎಳೆಯುವಾಗ ನಾವು ಹಾಕಿದ ಶಕ್ತಿಯಲ್ಲಿ ಎಷ್ಟನ್ನು ಅದು ಹಿಂದಿರುಗಿಸುತ್ತದೆ, ಎಷ್ಟನ್ನು ಒಳಗೇ ಶಾಖವಾಗಿ ಕಳೆದುಬಿಡುತ್ತದೆ? ರಬ್ಬರ್ ಮರದ ಹಾಲಿನಿಂದ ಬಂದ ನೈಸರ್ಗಿಕ ರಬ್ಬರ್ ಈ ವಿಷಯದಲ್ಲಿ ಉದಾರಿ, ಹಾಕಿದ್ದರಲ್ಲಿ ಬಹುಪಾಲನ್ನು ಮರಳಿಸುತ್ತದೆ. ಒಳ್ಳೆಯ ರಬ್ಬರ್ ಬ್ಯಾಂಡುಗಳನ್ನು ಮಾಡುವುದು ಇದರಿಂದಲೇ.

ಇನ್ನು ಸೈಕಲ್ ಟ್ಯೂಬು. ಇಂದಿನ ಕಪ್ಪು ಟ್ಯೂಬುಗಳಲ್ಲಿ ಹೆಚ್ಚಿನವು ಬ್ಯುಟೈಲ್ ಎಂಬ ಕೃತಕ ರಬ್ಬರಿನವು. 1937ರಲ್ಲಿ ಅಮೆರಿಕದ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಇದನ್ನು ರೂಪಿಸಿದರು. ಬ್ಯುಟೈಲಿನ ದೊಡ್ಡ ಗುಣ ಗಾಳಿಯನ್ನು ಸೋರಗೊಡದಿರುವುದು, ಟ್ಯೂಬಿಗೆ ಬೇಕಾದದ್ದೂ ಅದೇ. ಆದರೆ ಅದರ ಸರಪಳಿಗಳ ಬದಿಗಳಲ್ಲಿ ಗುಂಪುಗಳು ಒತ್ತಾಗಿ ತುರುಕಿಕೊಂಡಿರುವುದರಿಂದ ಅವು ಚುರುಕಾಗಿ ಅಲುಗಾಡಲಾರವು. ಗಾಳಿ ನುಸುಳದಿರುವುದಕ್ಕೂ ಅದೇ ಕಾರಣ, ಎಳೆದು ಬಿಟ್ಟಾಗ ಸೋಮಾರಿಯಂತೆ ಹಿಂದಿರುಗುವುದಕ್ಕೂ ಅದೇ ಕಾರಣ. ಬ್ಯುಟೈಲಿನ ಚೆಂಡನ್ನು ನೆಲಕ್ಕೆ ಹಾಕಿದರೆ ಪುಟಿಯುವುದೇ ಇಲ್ಲವೆನ್ನುವಷ್ಟು ಕಡಿಮೆ ಪುಟಿಯುತ್ತದೆ. ಅಂಥ ವಸ್ತುವಿನಿಂದ ಮಾಡಿದ ಉಂಗುರ ದಪ್ಪವಾಗಿ, ಭಾರವಾಗಿ, ನೋಡಲು ಘನವಾಗಿದ್ದರೂ ನಳಿಕೆಯಿಂದ ಹೊರಡುವಾಗ ಮಂದ.

ಇದಕ್ಕೊಂದು ಇತಿಹಾಸವೂ ಇದೆ. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಅಮೆರಿಕದ ಮಕ್ಕಳು ಹಲಗೆ, ಬಟ್ಟೆ ಕ್ಲಿಪ್ಪು ಮತ್ತು ಕಾರಿನ ಹಳೆಯ ಟ್ಯೂಬಿನ ಉಂಗುರಗಳಿಂದ ಬಂದೂಕು ಮಾಡಿ ಆಡುತ್ತಿದ್ದರು. ಆಗಿನ ಟ್ಯೂಬುಗಳು ನೈಸರ್ಗಿಕ ರಬ್ಬರಿನವು. ಎರಡನೆಯ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾದವು, ಟ್ಯೂಬುಗಳು ಕೃತಕ ರಬ್ಬರಿಗೆ ತಿರುಗಿದವು. ಹೊಸ ಟ್ಯೂಬಿನ ಉಂಗುರಗಳಲ್ಲಿ ಹಳೆಯ ಜಿಗಿತವಿರಲಿಲ್ಲ. ಹಳೆಯ ಟ್ಯೂಬಿನ ಉಂಗುರಗಳನ್ನು ಹೊಗಳುವ ಅಜ್ಜಂದಿರ ಮಾತನ್ನು ಬರೀ ಹಳಹಳಿಕೆ ಎಂದು ತಳ್ಳಿಹಾಕುವಂತಿಲ್ಲ, ರಸಾಯನಶಾಸ್ತ್ರ ಅವರ ಪಕ್ಷದಲ್ಲಿದೆ.

ಕೈಯಲ್ಲಿರುವ ಟ್ಯೂಬು ಯಾವುದೆಂದು ತಿಳಿಯಲು ಬಣ್ಣ ನಂಬಬೇಡಿ. ಕಪ್ಪು ಬಣ್ಣ ಮಸಿಯಿಂದ ಬರುವಂಥದ್ದು, ಅದನ್ನು ಯಾವ ರಬ್ಬರಿಗೂ ಬೆರೆಸಬಹುದು. ಒಂದು ಪಟ್ಟಿಯನ್ನು ಮೂರು ಪಟ್ಟು ಹಿಗ್ಗಿಸಿ, ಒಂದು ನಿಮಿಷ ಹಾಗೆಯೇ ಹಿಡಿದಿದ್ದು, ನಂತರ ಸಡಿಲಿಸಿ. ನೈಸರ್ಗಿಕ ರಬ್ಬರ್ ಕೂಡಲೇ ಹಳೆಯ ಉದ್ದಕ್ಕೆ ಮರಳುತ್ತದೆ. ಬ್ಯುಟೈಲ್ ಅರ್ಧ ದಾರಿಯಲ್ಲಿ ಯೋಚಿಸುತ್ತ ನಿಂತು, ಕೊನೆಯ ತುಸು ಭಾಗವನ್ನು ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಕುಗ್ಗುತ್ತದೆ. ಓಟದ ಸೈಕಲ್ಲುಗಳಿಗೆ ಬಳಸುವ ತೆಳ್ಳನೆಯ ಲೇಟೆಕ್ಸ್, ಅಂದರೆ ನೈಸರ್ಗಿಕ ರಬ್ಬರಿನ, ಟ್ಯೂಬು ಸಿಕ್ಕರೆ ಬಿಡಬೇಡಿ, ಮನೆಯಲ್ಲಿ ಕತ್ತರಿಸಲು ಅದಕ್ಕಿಂತ ಒಳ್ಳೆಯ ಸರಕು ಕಡಿಮೆ.

ಬಲೂನು ಲೇಟೆಕ್ಸಿನದ್ದೇ, ಆದ್ದರಿಂದ ಜಿಗಿತದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ದಪ್ಪದಲ್ಲಿ. ತೆಳು ಉಂಗುರ ಜೋರಾಗಿಯೇ ಹೊರಟರೂ ಗಾಳಿ ಅದನ್ನು ಬೇಗ ತಡೆದುಬಿಡುತ್ತದೆ. ಕೋಣೆಯೊಳಗಿನ ಆಟಕ್ಕೆ ಇದೇ ವರ. ದುಂಡು ಬಲೂನಿನಿಂದ ಕತ್ತರಿಸಿದ ಉಂಗುರಗಳು ನಡುವೆ ದೊಡ್ಡವು, ಎರಡೂ ತುದಿಗಳತ್ತ ಚಿಕ್ಕವು ಆಗುತ್ತವೆ. ಉದ್ದನೆಯ ಬಲೂನಾದರೆ ಎಲ್ಲವೂ ಒಂದೇ ಅಳತೆಯವು, ಆದರೆ ಚಿಕ್ಕವು. ಬಲೂನಿನ ಬಾಯಿಯ ಸುತ್ತಿದ ಅಂಚನ್ನು ಕತ್ತರಿಸಿ ತೆಗೆದರೆ ದುಂಡನೆಯ ಪುಟ್ಟ ಉಂಗುರವೊಂದು ಉಚಿತವಾಗಿ ಸಿಗುತ್ತದೆ. ಲೇಟೆಕ್ಸ್ ಕೈಗವಸಿನ ಮಣಿಕಟ್ಟಿನ ಭಾಗವೂ ಉಪಯುಕ್ತ. ನೀಲಿ ಬಣ್ಣದಲ್ಲಿ ಹೆಚ್ಚಾಗಿ ಕಾಣುವ, ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಮಾತ್ರ ಬೇಡ. ಅದು ಎಳೆಯಲು ಬಿಗಿ, ಬಿಟ್ಟರೆ ಮಂದ, ಮೇಲಾಗಿ ಎಳೆದಷ್ಟು ಹಿಗ್ಗಿಯೇ ಉಳಿಯುವ ಹಟವೂ ಇದೆ. ಲೇಟೆಕ್ಸ್ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಬಲೂನು, ಕೈಗವಸುಗಳಿಗೆ ಕತ್ತರಿ ಹಾಕುವ ಮುನ್ನ ಯೋಚಿಸಬೇಕು.

ಅಗಲ, ದಪ್ಪ, ಉದ್ದ

ಅಗಲವಾದ ಉಂಗುರ ಹೆಚ್ಚು ವೇಗವಾಗಿ ಹಾರುತ್ತದೆ ಎಂಬುದು ಎಲ್ಲರ ನಂಬಿಕೆ. ಎಳೆಯುವಾಗ ಕೈಗೆ ಹೆಚ್ಚು ಬಿಗಿ ಎನ್ನಿಸುವುದರಿಂದ ಹಾಗೆ ತೋರುವುದು ಸಹಜ, ಆದರೆ ಅದು ತಪ್ಪು. ನಾಲ್ಕು ಮಿಲಿಮೀಟರ್ ಅಗಲದ ಎರಡು ಉಂಗುರಗಳನ್ನು ಪಕ್ಕಪಕ್ಕದಲ್ಲಿಟ್ಟು ಒಟ್ಟಿಗೆ ಹಾರಿಸಿದಿರಿ ಎಂದುಕೊಳ್ಳಿ. ಎರಡೂ ತಮ್ಮ ತಮ್ಮ ವೇಗದಲ್ಲಿ, ಅಂದರೆ ಒಂದೇ ವೇಗದಲ್ಲಿ ಹೋಗುತ್ತವೆ. ಈಗ ಅವೆರಡನ್ನೂ ಅಂಟಿಸಿ ಎಂಟು ಮಿಲಿಮೀಟರಿನ ಒಂದೇ ಉಂಗುರ ಮಾಡಿ. ಬಲ ಎರಡರಷ್ಟಾಯಿತು, ಎಳೆದೊಯ್ಯಬೇಕಾದ ತೂಕವೂ ಎರಡರಷ್ಟಾಯಿತು. ವೇಗ ಬದಲಾಗಲು ಕಾರಣವೇ ಇಲ್ಲ. ತನ್ನ ಇಂಜಿನ್ನನ್ನು ತಾನೇ ಹೊತ್ತೊಯ್ಯುವ ವಸ್ತುವಿನ ಹಣೆಬರಹ ಇದು. ವೇಗವನ್ನು ನಿರ್ಧರಿಸುವುದು ರಬ್ಬರಿನ ಜಾತಿ, ಮತ್ತು ಅದನ್ನು ಅದರ ಸಹಜ ಉದ್ದದ ಎಷ್ಟು ಪಟ್ಟು ಹಿಗ್ಗಿಸಿದ್ದೀರಿ ಎಂಬುದು.

ದಪ್ಪದ ಪಾತ್ರ ಗಾಳಿಯಲ್ಲಿ ಶುರುವಾಗುತ್ತದೆ. ದಪ್ಪ ರಬ್ಬರಿಗೆ, ಗಾಳಿಗೆ ಒಡ್ಡಿಕೊಂಡ ಮೈಗೆ ಹೋಲಿಸಿದರೆ, ತೂಕ ಹೆಚ್ಚು. ಹಾಗಾಗಿ ಹೊರಟ ವೇಗವನ್ನು ಅದು ಹೆಚ್ಚು ದೂರ ಉಳಿಸಿಕೊಳ್ಳುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ದಪ್ಪವಿರುವ ಟ್ಯೂಬಿನ ಉಂಗುರ, ಹೊರಡುವಾಗ ಬಲೂನಿನ ಉಂಗುರಕ್ಕಿಂತ ಮಂದವಾಗಿದ್ದರೂ ದೂರದ ಗುರಿಯನ್ನು ಮುಟ್ಟುವ ಸಂದರ್ಭಗಳುಂಟು. ಅಗಲವೂ ನಿರರ್ಥಕವಲ್ಲ. ತಗಲುವ ಪೆಟ್ಟಿನ ಬಲ ಅಗಲದೊಂದಿಗೆ ಏರುತ್ತದೆ. ಕಾಗದದ ಲೋಟ ಉರುಳಿಸಬೇಕಾದರೆ ಅಗಲ ಬೇಕು, ಮನುಷ್ಯರ ಸುತ್ತಮುತ್ತ ಆಡುವುದಾದರೆ ಕಿರಿದೇ ಇರಲಿ.

ಉದ್ದದ ಲೆಕ್ಕ ಬಹಳ ಸುಲಭ. ಉಂಗುರವನ್ನು ಚಪ್ಪಟೆಯಾಗಿ ಮೇಜಿನ ಮೇಲಿಟ್ಟಾಗ ತುದಿಯಿಂದ ತುದಿಗೆ ಎಷ್ಟಿದೆಯೋ ಅದನ್ನು ನಾಲ್ಕರಿಂದ ಗುಣಿಸಿದರೆ, ಕೊಕ್ಕೆಯಿಂದ ಕ್ಲಿಪ್ಪಿಗೆ ಇರಬೇಕಾದ ದೂರ ಸುಮಾರಾಗಿ ಸಿಗುತ್ತದೆ. ಚಪ್ಪಟೆ ಮಾಡಿದ ಟ್ಯೂಬಿನ ಅಗಲ 45 ಮಿಲಿಮೀಟರ್ ಇದ್ದರೆ ಅದರಿಂದ ಅಡ್ಡಲಾಗಿ ಕತ್ತರಿಸಿದ ಉಂಗುರದ ಉದ್ದವೂ 45, ಅದಕ್ಕೆ ತಕ್ಕ ಬಂದೂಕು 18 ಸೆಂಟಿಮೀಟರಿನದು. ಬಂದೂಕು 30 ಸೆಂಟಿಮೀಟರ್ ಇದ್ದರೆ 75 ಮಿಲಿಮೀಟರಿನ ಉಂಗುರ ಬೇಕು. ಪೊಟ್ಟಣಗಳ ಮೇಲೆ 32 ಎಂಬ ಸಂಖ್ಯೆ ಕಾಣುವ ಬ್ಯಾಂಡು ಹೆಚ್ಚುಕಡಿಮೆ ಇದೇ ಅಳತೆಯದು, ಮೂರು ಇಂಚು ಉದ್ದ ಮತ್ತು ಇಂಚಿನ ಎಂಟನೇ ಒಂದು ಭಾಗ ಅಗಲ. 64ನೇ ಸಂಖ್ಯೆಯದು ಮೂರೂವರೆ ಇಂಚು ಉದ್ದ, ಕಾಲಿಂಚು ಅಗಲ.

ನಾಲ್ಕು ಪಟ್ಟು ಎಂಬುದೇನೂ ಶಾಸನವಲ್ಲ. ರಬ್ಬರನ್ನು ಎಳೆಯುವಾಗ ಮೊದಲು ಸ್ವಲ್ಪ ಬಿಗಿ, ಆಮೇಲೆ ಬಹಳ ದೂರ ಸಲೀಸು, ಕೊನೆಗೆ ಇದ್ದಕ್ಕಿದ್ದಂತೆ ಗಡುಸಾಗುತ್ತದೆ. ಸರಪಳಿಗಳು ಪೂರ್ತಿ ನೇರವಾಗುತ್ತ ಬಂದಿವೆ ಎಂಬುದರ ಸೂಚನೆ ಆ ಗಡುಸು. ನೈಸರ್ಗಿಕ ರಬ್ಬರಿನಲ್ಲಿ ಆ ಹಂತದಲ್ಲಿ ಸಾಲುಗೂಡಿದ ಸರಪಳಿಗಳು ಹರಳುಗಟ್ಟಲೂ ತೊಡಗುತ್ತವೆ. ಬೆರಳಿಗೆ ಗಡುಸು ತಾಗಿದ ಜಾಗದಿಂದ ತುಸು ಹಿಂದೆ ಸರಿದು ನಿಲ್ಲುವುದೇ ಸರಿಯಾದ ಅಳತೆ. ಅದನ್ನು ದಾಟಿ ಎಳೆದರೆ ಸಿಗುವ ಹೆಚ್ಚುವರಿ ವೇಗಕ್ಕಿಂತ ಹರಿದುಹೋಗುವ ಉಂಗುರಗಳ ಸಂಖ್ಯೆಯೇ ದೊಡ್ಡದು. ಬ್ಯುಟೈಲಿಗೆ ಮೂರು, ಮೂರೂವರೆ ಪಟ್ಟು ಸಾಕು.

ಬಂದೂಕು ಉದ್ದವಾಗಿ ಟ್ಯೂಬು ಕಿರಿದಾದಾಗ ಜಾಣರು ಹುಡುಕುವ ದಾರಿ ಓರೆಯಾಗಿ ಕತ್ತರಿಸುವುದು. ಓರೆ ಮಾಡಿದಷ್ಟೂ ಉಂಗುರ ಉದ್ದವಾಗುತ್ತದೆ, ನಿಜ. ಆದರೆ 30 ಡಿಗ್ರಿ ಓರೆ ಮಾಡಿದರೂ ಹೆಚ್ಚುವ ಉದ್ದ ನೂರಕ್ಕೆ ಹದಿನೈದು ಮಾತ್ರ. 45 ಡಿಗ್ರಿಗೆ ಹೋದರೆ ನೂರಕ್ಕೆ ನಲವತ್ತೊಂದು ಸಿಗುತ್ತದೆ, ಜೊತೆಗೆ ತೊಂದರೆಯೂ ಸಿಗುತ್ತದೆ. ಮಡಿಕೆ ಇದ್ದ ಎರಡೂ ಜಾಗಗಳಲ್ಲಿ ಪಟ್ಟಿ ನೇರವಾಗಿ ಸಾಗದೆ ಮೊನಚಾಗಿ ತಿರುಗುತ್ತದೆ. ಎಳೆದಾಗ ಒತ್ತಡವೆಲ್ಲ ಆ ಒಳಮೂಲೆಗೆ ಹೋಗಿ ಕೂರುತ್ತದೆ, ಹರಿಯುವುದೂ ಅಲ್ಲಿಂದಲೇ. ದೊಡ್ಡ ಟ್ಯೂಬು ಹುಡುಕುವುದೇ ಮೇಲು. ಅದೂ ಸಿಗದಿದ್ದರೆ ಎರಡು ಉಂಗುರಗಳನ್ನು ಒಂದರೊಳಗೊಂದು ತೂರಿಸಿ ಕುಣಿಕೆ ಹಾಕಿ ಜೋಡಿಸಬಹುದು. ಜೋಡಣೆಯ ಗಂಟು ಕೊಕ್ಕೆಯ ಮೇಲೂ ಕ್ಲಿಪ್ಪಿನ ಒಳಗೂ ಬರದೆ ನಡುವೆ ಇರುವಂತೆ ನೋಡಿಕೊಂಡರೆ ಸಾಕು.

ಪಟ್ಟಿ ಕತ್ತರಿಸಿ ತುದಿಗಳನ್ನು ಗಂಟು ಹಾಕುವವರೂ ಇದ್ದಾರೆ. ರಬ್ಬರಿನ ಗಂಟಿಗೆ ಒಂದು ವಿಶೇಷ ಕಾಯಿಲೆಯಿದೆ: ಎಳೆದಾಗ ಪಟ್ಟಿಯೇ ಸಣ್ಣದಾಗುವುದರಿಂದ ಬಿಗಿಯಾಗಿದ್ದ ಗಂಟು ತಾನಾಗಿ ಸಡಿಲವಾಗುತ್ತದೆ. ಗಂಟನ್ನು ಬಿಗಿಯುವಾಗಲೇ ಬಂದೂಕಿನಲ್ಲಿ ಎಳೆಯುವಷ್ಟೇ ಜೋರಾಗಿ ಎಳೆದು ಬಿಗಿದರೆ ಮಾತ್ರ ನಿಲ್ಲುತ್ತದೆ. ಅಂಟಿನ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ರಬ್ಬರನ್ನು ಚೆನ್ನಾಗಿಯೇ ಕಚ್ಚುತ್ತದೆ, ಆದರೆ ಗಾಜಿನಂತೆ ಗಟ್ಟಿಯಾಗಿ ಬಾಗದೆ ನಿಲ್ಲುವುದರಿಂದ ಅದರ ಪಕ್ಕದ ರಬ್ಬರೇ ಹರಿಯುತ್ತದೆ. ಪಂಕ್ಚರ್ ಹಾಕುವ ದ್ರಾವಣ ಮೃದುವಾಗಿಯೇ ಉಳಿದರೂ ಕೊಕ್ಕೆಯ ಮೇಲೆ ಬಾಗಿದಾಗ ಅಂಚಿನಿಂದ ಸುಲಿದುಕೊಂಡು ಬರುತ್ತದೆ.

ಕತ್ತರಿಸುವುದು

ಒಂದು ಉಂಗುರ ಎಷ್ಟು ದಿನ ಬಾಳುತ್ತದೆ ಎಂಬುದನ್ನು ರಬ್ಬರಿನ ಗುಣಕ್ಕಿಂತ ಹೆಚ್ಚಾಗಿ ಅದರ ಅಂಚು ಹೇಳುತ್ತದೆ. ಎಳೆದ ರಬ್ಬರಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಚ್ಚು ಇದ್ದರೂ ಸುತ್ತಲಿನ ಎಳೆತವೆಲ್ಲ ಅದರ ತುದಿಯಲ್ಲಿ ಒಟ್ಟುಗೂಡುತ್ತದೆ. ಕಚ್ಚು ಬೆಳೆಯುತ್ತದೆ, ಬೆಳೆದಷ್ಟೂ ಎಳೆತ ತೀವ್ರವಾಗುತ್ತದೆ, ನಾಲ್ಕನೆಯದೋ ಹತ್ತನೆಯದೋ ಹೊಡೆತಕ್ಕೆ ಉಂಗುರ ತುಂಡಾಗಿ ಬೆರಳಿಗೆ ಬಡಿಯುತ್ತದೆ. ಕತ್ತರಿಯ ತೊಂದರೆ ಇಲ್ಲಿಯೇ. ಅದು ತುತ್ತು ತುತ್ತಾಗಿ ಕತ್ತರಿಸುತ್ತದೆ, ಒಂದು ತುತ್ತು ಮುಗಿದು ಇನ್ನೊಂದು ಶುರುವಾಗುವ ಜಾಗದಲ್ಲಿ ಪುಟ್ಟ ಮೆಟ್ಟಿಲೊಂದನ್ನು ಬಿಟ್ಟುಹೋಗುತ್ತದೆ. ಕತ್ತರಿಯನ್ನೇ ಬಳಸಬೇಕಾದರೆ ಟ್ಯೂಬಿನ ಅಗಲಕ್ಕಿಂತ ಉದ್ದದ ಅಲಗುಳ್ಳದ್ದು ಬೇಕು, ಒಂದೇ ಹಿಡಿತದಲ್ಲಿ ಕೊನೆಯವರೆಗೆ ಹೋಗಬೇಕು.

ಇದಕ್ಕಿಂತ ಒಳ್ಳೆಯದು ಹಲಗೆ, ಉಕ್ಕಿನ ಅಳತೆಪಟ್ಟಿ ಮತ್ತು ಹೊಸ ಬ್ಲೇಡು ಹಾಕಿದ ಕಟ್ಟರ್. ದರ್ಜಿಗಳು ಬಳಸುವ ಉರುಳು ಬ್ಲೇಡಿನ ಕಟ್ಟರ್ ಇದ್ದರೆ ಇನ್ನೂ ಒಳ್ಳೆಯದು. ಮೊದಲು ಟ್ಯೂಬಿನ ವಾಲ್ವ್ ಇರುವ ಭಾಗವನ್ನೂ ಪಂಕ್ಚರ್ ಹಾಕಿದ ಭಾಗಗಳನ್ನೂ ಕತ್ತರಿಸಿ ಎಸೆಯಿರಿ. ಉಳಿದದ್ದನ್ನು ಸಾಬೂನು ನೀರಿನಲ್ಲಿ ತೊಳೆಯಿರಿ, ಒಳಗಿನ ಬಿಳಿ ಪುಡಿಯೂ ಹೋಗಲಿ, ಇಲ್ಲದಿದ್ದರೆ ಕತ್ತರಿಸುವಾಗ ಎರಡು ಪದರಗಳೂ ಒಂದರ ಮೇಲೊಂದು ಜಾರುತ್ತವೆ. ಬ್ಲೇಡನ್ನು ಸಾಬೂನು ನೀರಿನಲ್ಲಿ ಅದ್ದಿಕೊಂಡರೆ ರಬ್ಬರ್ ಅದಕ್ಕೆ ಅಂಟಿಕೊಂಡು ಎಳೆದಾಡುವುದಿಲ್ಲ, ಅಂಚು ನುಣುಪಾಗಿ ಬರುತ್ತದೆ. ಟ್ಯೂಬನ್ನು ಹಿಗ್ಗಿಸದೆ ಚಪ್ಪಟೆಯಾಗಿ ಮಲಗಿಸಿ, ಅಳತೆಪಟ್ಟಿಯನ್ನು ಗಟ್ಟಿಯಾಗಿ ಒತ್ತಿ, ಅಡ್ಡಲಾಗಿ ಒಂದೇ ಎಳೆತದಲ್ಲಿ ಕತ್ತರಿಸಿ. ಎರಡೂ ಪದರಗಳು ಒಮ್ಮೆಗೇ ತುಂಡಾಗಬೇಕು. ಕೆಳಪದರ ಅರ್ಧ ಉಳಿದರೆ ಅದನ್ನು ಕೈಯಿಂದ ಹರಿಯಬೇಡಿ, ಹರಿದ ಅಂಚು ಹರಿಯುತ್ತಲೇ ಹೋಗುತ್ತದೆ. ಮಕ್ಕಳ ಬಂದೂಕಾದರೂ ಬ್ಲೇಡು ಹಿಡಿಯುವ ಕೆಲಸ ದೊಡ್ಡವರದ್ದು.

ಎಷ್ಟು ಅಗಲ? ಟ್ಯೂಬಿನದಾದರೆ ನಾಲ್ಕೈದು ಮಿಲಿಮೀಟರ್. ಕೈ ಎಷ್ಟೇ ಪಳಗಿದ್ದರೂ ಅರ್ಧ ಮಿಲಿಮೀಟರಿನ ಏರುಪೇರು ಇದ್ದೇ ಇರುತ್ತದೆ. ಐದು ಮಿಲಿಮೀಟರಿನ ಪಟ್ಟಿಯಲ್ಲಿ ಅದು ಹತ್ತರಲ್ಲಿ ಒಂದು ಪಾಲು, ಎರಡು ಮಿಲಿಮೀಟರಿನ ಪಟ್ಟಿಯಲ್ಲಿ ನಾಲ್ಕರಲ್ಲಿ ಒಂದು ಪಾಲು. ಕಿರಿದಾದ ಭಾಗ ಹೆಚ್ಚು ಹಿಗ್ಗಿ, ಅಗಲವಾದ ಭಾಗ ಹಿಂದುಳಿದು, ಉಂಗುರ ವಕ್ರವಾಗಿ ಹಾರುತ್ತದೆ. ಬಲೂನಿನಂಥ ತೆಳು ರಬ್ಬರನ್ನು ಇನ್ನೂ ಅಗಲವಾಗಿಯೇ ಕತ್ತರಿಸಬೇಕು.

ಕತ್ತರಿಸಿದ ಉಂಗುರವನ್ನು ಕೂಡಲೇ ಬಂದೂಕಿಗೆ ಏರಿಸಬೇಡಿ. ಕೈಯಲ್ಲೇ ನಾಲ್ಕಾರು ಬಾರಿ ಪೂರ್ತಿ ಉದ್ದಕ್ಕೆ ಎಳೆದು ಬಿಡಿ. ಮಸಿ ಬೆರೆತ ರಬ್ಬರ್ ಮೊದಲ ಸಲ ಎಳೆದಾಗ ಬಿಗಿಯಾಗಿದ್ದು, ನಂತರದ ಸಲಗಳಲ್ಲಿ ಮೆದುವಾಗುತ್ತದೆ. ಇದಕ್ಕೆ ಮಲಿನ್ಸ್ ಪರಿಣಾಮ ಎಂದು ಹೆಸರು. ಹೀಗೆ ಪಳಗಿಸದೆ ಹಾರಿಸಿದರೆ ಮೊದಲ ಹೊಡೆತ ಒಂದು ಕಡೆ, ಮೂರನೆಯದು ಇನ್ನೊಂದು ಕಡೆ. ಈ ಎಳೆತದಲ್ಲೇ ಕಚ್ಚು ಇರುವ ಉಂಗುರಗಳೂ ಸಿಕ್ಕಿಬೀಳುತ್ತವೆ.

ಒಂದರ ಹಿಂದೊಂದು ಹಾರಿಸುವ ಬಂದೂಕುಗಳಿಗೆ ಸಮಾನತೆ ಇನ್ನೂ ಮುಖ್ಯ. ಹಲ್ಲುಚಕ್ರವಿರುವ ಬಂದೂಕಿನಲ್ಲಿ ಚಕ್ರದ ಒಂದೊಂದು ಹಲ್ಲಿಗೂ ಒಂದೊಂದು ಬ್ಯಾಂಡು ಸಿಕ್ಕಿಕೊಂಡಿರುತ್ತದೆ, ಟ್ರಿಗರ್ ಒತ್ತಿದಾಗಲೆಲ್ಲ ಬ್ಯಾಂಡುಗಳ ಎಳೆತವೇ ಚಕ್ರವನ್ನು ಒಂದು ಹಲ್ಲು ಮುಂದಕ್ಕೆ ತಿರುಗಿಸುತ್ತದೆ. ಒಂದು ಬಿಗಿ, ಇನ್ನೊಂದು ಸಡಿಲ ಎಂದಾದರೆ ಚಕ್ರ ಒಮ್ಮೆ ಎರಡು ಹಲ್ಲು ಜಾರುತ್ತದೆ, ಒಮ್ಮೆ ಕದಲುವುದೇ ಇಲ್ಲ. ಇಂಥ ಬಂದೂಕಿಗೆ ಒಂದೇ ಟ್ಯೂಬಿನ ಒಂದೇ ಭಾಗದಿಂದ, ಒಂದೇ ಅಗಲಕ್ಕೆ ಕತ್ತರಿಸಿದ ಉಂಗುರಗಳನ್ನೇ ಇಡಬೇಕು.

ಬಿಟ್ಟ ಮೇಲೆ ಏನಾಗುತ್ತದೆ

ಕ್ಲಿಪ್ಪು ತೆರೆದ ಕ್ಷಣ ಉಂಗುರ ಇಡಿಯಾಗಿ ಹೊರಡುವುದಿಲ್ಲ. ಹಿಂದಿನ ತುದಿ ಮಾತ್ರ ಬಿಡುಗಡೆಯಾಗಿದೆ ಎಂಬ ಸುದ್ದಿ ಒಂದು ಅಲೆಯಾಗಿ ರಬ್ಬರಿನುದ್ದಕ್ಕೂ ಮುಂದಕ್ಕೆ ಓಡುತ್ತದೆ. ಅಲೆ ದಾಟಿದ ಭಾಗ ಕುಗ್ಗುತ್ತ ಮುಂದೆ ನುಗ್ಗುತ್ತದೆ, ದಾಟದ ಭಾಗಕ್ಕೆ ಇನ್ನೂ ಏನೂ ಗೊತ್ತಿಲ್ಲ, ಅದು ಬಿಗಿಯಾಗಿಯೇ ಇರುತ್ತದೆ. ಅಲೆ ಕೊಕ್ಕೆಯನ್ನು ತಲುಪುತ್ತದೆ, ಅದರ ಹಿಂದೆಯೇ ಬಂದ ರಬ್ಬರಿನ ರಾಶಿ ಕೊಕ್ಕೆಯನ್ನು ದಾಟಿ ಹೊರಹೋಗುತ್ತದೆ. ಬೆರಳಿನಿಂದ ಬ್ಯಾಂಡ್ ಹಾರಿಸುವವರ ಹೆಬ್ಬೆರಳಿಗೆ ಪೆಟ್ಟು ಬೀಳುವುದೇಕೆ ಎಂಬುದನ್ನು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿ 2019ರಲ್ಲಿ ಪ್ರಕಟಿಸಿದರು. ಅಲೆ ಮೊದಲು ಬಂದು ಹೆಬ್ಬೆರಳನ್ನು ಸಡಿಲಿಸುತ್ತದೆ, ರಬ್ಬರ್ ಆಮೇಲೆ ಬರುತ್ತದೆ. ಆ ಸಣ್ಣ ಅಂತರದಲ್ಲಿ ಬೆರಳು ಪಕ್ಕಕ್ಕೆ ಸರಿದರೆ ಬಚಾವು.

ಮರದ ಕೊಕ್ಕೆ ಪಕ್ಕಕ್ಕೆ ಸರಿಯುವುದಿಲ್ಲ. ಹಾಗಾಗಿ ಕೊಕ್ಕೆಯ ತೋಡು ಆಳವಾಗಿದ್ದರೆ ಅಥವಾ ಒರಟಾಗಿದ್ದರೆ, ಒಳ್ಳೆಯ ಉಂಗುರವೂ ಅಲ್ಲಿ ಎಡವಿ ಅರ್ಧ ಶಕ್ತಿಯನ್ನು ಚೆಲ್ಲುತ್ತದೆ. ಬ್ಯಾಂಡು ಜಾರಿಬೀಳದಷ್ಟು ಮಾತ್ರ ಆಳವಿರಲಿ, ಮರಳುಕಾಗದದಿಂದ ಉಜ್ಜಿ ನುಣುಪು ಮಾಡಿ. ಏರಿಸುವಾಗ ಉಂಗುರ ತಿರುಚಿಕೊಳ್ಳದಂತೆ ನೋಡಿಕೊಳ್ಳಿ. ಕೊಕ್ಕೆಗೆ ತಾಮ್ರದ ತಂತಿ ಬಳಸುವವರಿಗೆ ಒಂದು ಮಾತು: ತಾಮ್ರ ನೈಸರ್ಗಿಕ ರಬ್ಬರಿಗೆ ವಿಷ, ತಾಗಿದ ಜಾಗ ಬೇಗ ಹಾಳಾಗುತ್ತದೆ. ಉಕ್ಕಿನ ಮೊಳೆ ಅಥವಾ ಮರವೇ ಸಾಕು.

ಉಂಗುರಕ್ಕೆ ಭಾರ ಕಟ್ಟುವ ಯೋಚನೆ ಎಲ್ಲರಿಗೂ ಒಮ್ಮೆ ಬಂದೇ ಬರುತ್ತದೆ. ಬಿಗಿಯಾಗಿ ಮಡಚಿದ ಕಾಗದ, ಪಿನ್ನು, ಕಾಳು, ತಂತಿಯ ತುಂಡು. ಬೇಡವೇ ಬೇಡ. ಬರಿಯ ಉಂಗುರಕ್ಕೆ ಹುಟ್ಟಿನಿಂದಲೇ ಒಂದು ರಕ್ಷಣೆಯಿದೆ: ಹಗುರ ಮೈ, ಬಾಗುವ ಗುಣ, ಗಾಳಿಯಲ್ಲಿ ಬೇಗ ಸೋಲುವ ಸ್ವಭಾವ. ಗಟ್ಟಿಯಾದ ಚೂರನ್ನು ಸೇರಿಸಿದರೆ ಈ ಮೂರೂ ಒಟ್ಟಿಗೆ ಹೋಗುತ್ತವೆ, ಪೆಟ್ಟು ಸೂಜಿಮೊನೆಯಷ್ಟು ಜಾಗಕ್ಕೆ ಇಳಿಯುತ್ತದೆ. ಬರಿಯ ಬ್ಯಾಂಡೂ ಕಣ್ಣಿಗೆ ಬಡಿದರೆ ಒಳಗೆ ರಕ್ತಸ್ರಾವವಾಗಬಹುದು. ಹಾಗಾದಾಗ ಉಜ್ಜದೆ, ತೊಳೆಯಲು ಹೋಗದೆ, ಕೂಡಲೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು. ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಣಾ ಕನ್ನಡಕ ಹಾರಿಸುವವರಿಗೆ ಮಾತ್ರವಲ್ಲ, ಕೋಣೆಯಲ್ಲಿರುವ ಎಲ್ಲರಿಗೂ ಬೇಕು. ಗುರಿಗೆ ಕಾಗದದ ಲೋಟಗಳಿವೆ, ನೇತುಹಾಕಿದ ಹಾಳೆಗಳಿವೆ. ಮನುಷ್ಯರ ಮುಖವಾಗಲಿ, ಪ್ರಾಣಿಯಾಗಲಿ ಗುರಿಯಲ್ಲ.

ಇಟ್ಟುಕೊಳ್ಳುವುದು

ಏರಿಸಿಟ್ಟ ಬಂದೂಕು ಕಾಯುತ್ತ ಕೂತಷ್ಟೂ ದುರ್ಬಲವಾಗುತ್ತದೆ. ಎಳೆದು ಹಿಡಿದ ರಬ್ಬರಿನೊಳಗೆ ಸರಪಳಿಗಳು ನಿಧಾನವಾಗಿ ಜಾಗ ಸರಿಹೊಂದಿಸಿಕೊಂಡು ಬಿಗಿಯನ್ನು ಕಳೆದುಕೊಳ್ಳುತ್ತವೆ. ಈ ನಷ್ಟ ಮೊದಲ ಕೆಲವು ನಿಮಿಷಗಳಲ್ಲೇ ಹೆಚ್ಚು. ಅದಕ್ಕಿಂತ ಕೆಟ್ಟ ಶತ್ರು ಗಾಳಿಯಲ್ಲಿರುವ ಓಝೋನ್. ನೈಸರ್ಗಿಕ ರಬ್ಬರಿನ ಸರಪಳಿಯಲ್ಲಿರುವ ಜೋಡಿ ಬಂಧಗಳನ್ನು ಅದು ಹುಡುಕಿ ಕತ್ತರಿಸುತ್ತದೆ. ಸಡಿಲವಾಗಿರುವ ರಬ್ಬರಿನಲ್ಲಿ ಇದರ ಪರಿಣಾಮ ಹೊರಮೈಯಲ್ಲೇ ನಿಲ್ಲುತ್ತದೆ, ಹಿಗ್ಗಿಸಿಟ್ಟ ರಬ್ಬರಿನಲ್ಲಿ ಪ್ರತಿಯೊಂದು ಗಾಯವೂ ಬಾಯಿಬಿಟ್ಟು ಬಿರುಕಾಗುತ್ತದೆ. ವಿದ್ಯುತ್ ಮೋಟಾರುಗಳ ಕಿಡಿಯಿಂದಲೂ ಓಝೋನ್ ಹುಟ್ಟುವುದರಿಂದ ಅವುಗಳ ಪಕ್ಕದಲ್ಲಿ ಉಂಗುರಗಳನ್ನು ಇಡಬಾರದು. ಬ್ಯುಟೈಲಿನಲ್ಲಿ ಜೋಡಿ ಬಂಧಗಳು ಬಹಳ ವಿರಳ, ಅದಕ್ಕೇ ಹಳೆಯ ಟ್ಯೂಬಿನ ಉಂಗುರ ವರ್ಷಗಳ ನಂತರವೂ ಗಟ್ಟಿಯಾಗಿರುತ್ತದೆ. ಮಂದಬುದ್ಧಿಗೆ ದೀರ್ಘಾಯುಷ್ಯದ ಪರಿಹಾರ ಸಿಕ್ಕಿದೆ ಎನ್ನಬಹುದು.

ಉಂಗುರಗಳನ್ನು ಸ್ವಲ್ಪ ಟಾಲ್ಕ್ ಪುಡಿಯೊಂದಿಗೆ, ಗಾಳಿಯಾಡದ ಚೀಲದಲ್ಲಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಎಣ್ಣೆ, ಪೆಟ್ರೋಲು ತಾಗಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಮುಪ್ಪು ನಿಧಾನ, ಆದರೆ ತಣ್ಣಗಿರುವ ರಬ್ಬರಿಗೆ ಕುಲುಕಾಡುವ ಶಕ್ತಿಯೇ ಕಡಿಮೆ. ಹೊರತೆಗೆದು ಕೋಣೆಯ ಬಿಸಿಗೆ ಬಂದ ಮೇಲಷ್ಟೇ ಹಾರಿಸಬೇಕು. ಆಟ ಮುಗಿದ ಮೇಲೆ ಎಲ್ಲ ಉಂಗುರಗಳನ್ನೂ ಹೆಕ್ಕಿ, ಎಣಿಸಿ ಒಳಗಿಡಿ. ನೆಲದಲ್ಲಿ ಉಳಿದದ್ದು ಕೂಸಿನ ಅಥವಾ ನಾಯಿಯ ಬಾಯಿಗೆ ಹೋಗಬಹುದು. ಹೆಕ್ಕುವಾಗಲೇ ಒಂದೊಂದನ್ನೂ ಬೆರಳ ಮೇಲೆ ಮೊನಚಾಗಿ ಮಡಚಿ ಬೆಳಕಿಗೆ ಹಿಡಿದರೆ, ಮಡಿಕೆಯ ಬೆನ್ನಿನಲ್ಲಿ ಬಿರುಕುಗಳಿವೆಯೇ ಎಂಬುದು ಕಾಣುತ್ತದೆ. ಬಿರುಕು ಕಂಡದ್ದನ್ನೂ ಅಂಟುಅಂಟಾದದ್ದನ್ನೂ ಅಲ್ಲೇ ಎರಡು ತುಂಡು ಮಾಡಿ ಕಸಕ್ಕೆ ಹಾಕಿ, ಇಲ್ಲದಿದ್ದರೆ ಅದು ಹೇಗಾದರೂ ಮತ್ತೆ ಚೀಲ ಸೇರುತ್ತದೆ.